ಅಟ್ಟಣೆ ಇಳಿಯದ ಕಾವಲು

ಜವಳಗಿರಿಯ ಸುತ್ತಿನ ನಾಲ್ಕಾರು ಊರುಗಳಲ್ಲಿ ಯಾರ ಮೂಗು ನೆಟ್ಟಗಿದೆಯೋ ಅವರೆಲ್ಲ ಕೊಂಡಮ್ಮನಿಗೆ ಋಣಿಗಳು. ಹಾಗೆಂದು ಕೊಂಡಮ್ಮನೇ ಹೇಳುತ್ತಿದ್ದಳು, ಜನ ನಗುತ್ತ ಒಪ್ಪುತ್ತಿದ್ದರು. ಹೆರಿಗೆ ಯಾವ ಆಸ್ಪತ್ರೆಯಲ್ಲೇ ಆಗಲಿ, ಕೂಸು ಮನೆಗೆ ಬಂದ ಮೇಲೆ ನೀರು ಹಾಕಲು ಕರೆಯುತ್ತಿದ್ದುದು ಅವಳನ್ನೇ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಎರಡು ಕಾಲನ್ನೂ ಜೋಡಿಸಿ ಮುಂದಕ್ಕೆ ಚಾಚಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಹರಳೆಣ್ಣೆ ತಿಕ್ಕಿ, ಮೂಗು ತೀಡಿ, ತಲೆಯನ್ನು ದುಂಡಗೆ ಒತ್ತಿ, ಹದವಾದ ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು ಬಟ್ಟೆಯಲ್ಲಿ ಸುತ್ತಿಕೊಟ್ಟರೆ ಕೂಸು ಹಾಲು ಕುಡಿದು ಮಧ್ಯಾಹ್ನದವರೆಗೆ ಅಲ್ಲಾಡುತ್ತಿರಲಿಲ್ಲ. ಆಮೇಲೆ ಬಾಣಂತಿಯ ಸರದಿ. ಬಾಣಂತನ ಮುಗಿದ ದಿನ ಎಲೆ ಅಡಿಕೆ, ರವಿಕೆ ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ಅವಳ ಪೆಟ್ಟಿಗೆಯ ತುಂಬ ಹೊಲಿಸದ ರವಿಕೆ ಬಟ್ಟೆಗಳೇ ಇದ್ದವು.

ಐದು ವರ್ಷದ ಹಿಂದೆ ಮೊಣಕೈ ಮೇಲೆ ಒಂದು ಕೆಂಪು ಮಚ್ಚೆ ಕಾಣಿಸಿಕೊಂಡಿತು. ಕೆರೆದರೆ ಬೆಳ್ಳಗೆ ಹೊಟ್ಟು ಉದುರುತ್ತಿತ್ತು. ಒಲೆಯ ಬಿಸಿಗೆ ಆಗಿದ್ದು ಎಂದುಕೊಂಡಳು. ಬೇವಿನೆಣ್ಣೆ ಹಚ್ಚಿದಳು, ಅರಿಸಿನ ಹಚ್ಚಿದಳು, ಯಾರೋ ಹೇಳಿದರೆಂದು ಅಂಚೆಟ್ಟಿಯ ಕಡೆಯಿಂದ ಬೇರು ತರಿಸಿ ತೇದು ಹಚ್ಚಿದಳು. ಮಚ್ಚೆ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಇನ್ನೊಂದು ಮೊಣಕೈಗೆ ಬಂತು, ಸೊಂಟಕ್ಕೆ ಬಂತು, ಕೊನೆಗೆ ಎರಡು ಕಾಲುಗಳ ಮುಂಭಾಗಕ್ಕೆ ಬಂತು. ಮೈಯಲ್ಲಿ ಬೇರೆ ಜಾಗವೇ ಇರಲಿಲ್ಲವೇನೋ ಎಂಬಂತೆ, ಕೂಸನ್ನು ಮಲಗಿಸಿಕೊಳ್ಳುವ ಜಾಗಕ್ಕೇ ಬಂದು ಕೂತಿತು.

ನಮ್ಮ ಕಡೆಯ ಜನಕ್ಕೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಬರುವುದಿಲ್ಲ. ಬೆನ್ನ ಹಿಂದೆ ಆಡುವುದು ಮಾತ್ರ ಚೆನ್ನಾಗಿ ಬರುತ್ತದೆ. "ನಿಂಗ್ಯಾಕೆ ಶ್ರಮ ಕೊಂಡಕ್ಕ, ಈ ಸಲ ನಮ್ಮತ್ತಿಗೇನೇ ನೀರಾಕ್ತಾಳೆ" ಎಂದು ಒಬ್ಬರು. "ಡಾಕ್ಟ್ರು ಎಣ್ಣೆ ತಿಕ್ಕಬ್ಯಾಡಿ ಅಂದವ್ರೆ" ಎಂದು ಇನ್ನೊಬ್ಬರು. ಒಬ್ಬರಾದರೂ ನಿನ್ನ ಕಾಲು ಹೀಗಿದೆ, ಅದಕ್ಕೆ ಬೇಡ ಎಂದಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳು. ಎಲ್ಲರೂ ನಯವಾಗಿಯೇ ಬಾಗಿಲು ಹಾಕಿಕೊಂಡರು. ವರ್ಷ ಕಳೆಯುವುದರೊಳಗೆ ಅವಳನ್ನು ಕರೆಯುವವರೇ ಇಲ್ಲವಾದರು.

ಅಲ್ಲಿಂದ ಕೊಂಡಮ್ಮನ ದಿನಗಳು ಒಂದೇ ಥರ ಆದವು. ಎದ್ದ ಕೂಡಲೆ ಚಾಪೆಯ ಮೇಲೆ ಉದುರಿದ ಹೊಟ್ಟನ್ನು ಗುಡಿಸುವುದು. ಕಪ್ಪು, ನೀಲಿ ಸೀರೆಗಳನ್ನು ಮಡಿಸಿಟ್ಟು ಹೊಟ್ಟು ಕಾಣದ ತಿಳಿ ಬಣ್ಣದ ಸೀರೆ ಉಡುವುದು. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುವ ಮೊದಲೇ ತಾನೇ ಸರಿದು ಕೂರುವುದು. ನವೆಗಿಂತಲೂ ಇದೇ ಅವಳನ್ನು ಸುಸ್ತು ಮಾಡಿತ್ತು. ಗಂಡ ಆವುಲಪ್ಪ ರಾಗಿ ಹೊಲ, ಕಾಡಂಚಿನ ಕಾವಲು ಎಂದು ತನ್ನ ಪಾಡಿಗೆ ಇರುವವನು. ಅವನು ಒಂದು ದಿನವೂ ಹೇಸಲಿಲ್ಲ. ಆದರೆ ಹೇಸದಿರುವುದೊಂದೇ ಮನುಷ್ಯರಿಗೆ ಸಾಕಾಗುವುದಿಲ್ಲವಲ್ಲ.

ಇರುವವಳೊಬ್ಬಳೇ ಮಗಳು, ರಾಧಾಮಣಿ. ಹೊಸೂರಿಗೆ ಕೊಟ್ಟಿದ್ದರು. ಅಳಿಯ ಗೋಪಿನಾಥ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು. ಮದುವೆಯಾದ ಎರಡು ವರ್ಷಕ್ಕೆ ರಾಧಾಮಣಿ ಬಸುರಿಯಾದಳು ಎಂಬ ಸುದ್ದಿ ಬಂದಾಗ ಕೊಂಡಮ್ಮನಿಗೆ ಬಹಳ ದಿನದ ಮೇಲೆ ಜೀವ ಬಂದಂತಾಯಿತು. ಚೊಚ್ಚಲ ಬಾಣಂತನ ತವರಿಗೆ ಸೇರಿದ್ದು. ಊರವರು ಕರೆಯದಿದ್ದರೆ ಹಾಳಾಗಿ ಹೋಗಲಿ, ಹೊಟ್ಟೆಯಲ್ಲಿ ಹುಟ್ಟಿದವಳ ಕೂಸಿಗೆ ನೀರು ಹಾಕುವುದನ್ನು ಯಾರು ತಪ್ಪಿಸುತ್ತಾರೆ? ಹರಳು ಆರಿಸಿ ಎಣ್ಣೆ ತೆಗೆದಿಟ್ಟಳು. ಹಳೆಯ ಮೆತ್ತನೆ ಪಂಚೆಗಳನ್ನು ಒಗೆದು ಕೂಸಿಗೆ ಸುತ್ತುವ ಅಳತೆಗೆ ಹರಿದಿಟ್ಟಳು.

ತಪ್ಪಿಸಿದವರು ಬೀಗಿತ್ತಿ ನಾರಾಯಣಮ್ಮ. ಹೊಸೂರಿನಲ್ಲಿ ಸೀಮಂತದ ದಿನ ಊಟವಾದ ಮೇಲೆ ಕೊಂಡಮ್ಮನನ್ನು ಒಳಕೋಣೆಗೆ ಕರೆದು ಮೆಲ್ಲಗೆ ಹೇಳಿದರು.

"ತಪ್ಪು ತಿಳ್ಕಬ್ಯಾಡಿ ಅಕ್ಕ. ಹೆರಿಗೆ, ಬಾಣಂತನ ಎಲ್ಲಾ ಇಲ್ಲೇ ಆಗ್ಲಿ. ನಿಮ್ಮ ಮೈ ಒಂಚೂರು ವಾಸಿಯಾಗ್ಲಿ, ಆಮ್ಯಾಕೆ ನಾನೇ ತಾಯಿ ಮಗೂನ ಕರ್ಕೊಂಡು ಬತ್ತೀನಿ. ಎಳೇ ಕೂಸು ನೋಡಿ, ಹತ್ಕಂಡ್ಬುಟ್ರೆ ಏನ್ಮಾಡಾದು?"

ನಾರಾಯಣಮ್ಮ ಕೆಟ್ಟವರಲ್ಲ. ಬಹಳ ವರ್ಷದ ಮೇಲೆ ಮನೆಗೆ ಬರುತ್ತಿದ್ದ ಕೂಸು, ಹೆದರಿದ್ದರು ಅಷ್ಟೆ. ಕೊಂಡಮ್ಮ ಅಲ್ಲೇ ಮಂಚದ ಮೇಲೆ ಕೂತಿದ್ದ ಮಗಳ ಮುಖ ನೋಡಿದಳು. ಬಸುರಿನ ಕಳೆಗೆ ಕೆನ್ನೆ, ಕತ್ತು ಎಲ್ಲ ಮಿರಮಿರ ಮಿಂಚುತ್ತಿದ್ದ ರಾಧಾಮಣಿ ತಲೆ ಬಗ್ಗಿಸಿ ಬಳೆ ಎಣಿಸುತ್ತಿದ್ದಳು. ಒಂದು ಮಾತು ಆಡಲಿಲ್ಲ. ಬೀಗಿತ್ತಿಯ ಮಾತಿಗಿಂತ ಮಗಳ ಈ ಮೌನವೇ ಕೊಂಡಮ್ಮನಿಗೆ ಹೆಚ್ಚು ನೋವು ಮಾಡಿತು.

ಮನುಷ್ಯರ ಕೈಲಿ ಆಗದ್ದಕ್ಕೆ ದೇವರಿದ್ದಾನೆ. ಹೆರಿಗೆಯೊಳಗೆ ಮೈ ತಿಳಿಯಾದರೆ ಸಾಕು ಎಂದು ಕೊಂಡಮ್ಮ ಬೆಟ್ಟದ ಮೇಲಿನ ಮನೆದೇವರಿಗೆ ಮುಡಿ ಹರಸಿಕೊಂಡು, ಫಲಕ್ಕೆ ಕಾಯದೆ ಮುಂದಾಗಿಯೇ ಕೊಡಲು ಹೋದಳು. ಐವತ್ತು ದಾಟಿದರೂ ಸೊಂಟದವರೆಗೆ ಇದ್ದ ಕೂದಲು, ಅವಳಿಗೆ ಉಳಿದಿದ್ದ ಒಂದೇ ಚೆಂದ. ಶನಿವಾರದ ನೂಕುನುಗ್ಗಲಿನಲ್ಲಿ ಮುಡಿ ತೆಗೆಯುವವನಿಗೆ ಪುರುಸೊತ್ತಿರಲಿಲ್ಲ. ಒಂದು ಚೊಂಬು ತಣ್ಣೀರು ಚಿಮುಕಿಸಿ ಬರಬರನೆ ಕತ್ತಿ ಎಳೆದ. ಅಲ್ಲಲ್ಲಿ ರಕ್ತ ಜಿನುಗಿತು. ಬೋಳು ತಲೆಗೆ ಗಂಧ ಬಳಿದುಕೊಂಡು ಅವಳು ಸಮಾಧಾನದಿಂದಲೇ ಬೆಟ್ಟ ಇಳಿದಳು.

ಎರಡು ವಾರ ಕಳೆಯುವುದರೊಳಗೆ ಕತ್ತಿ ಓಡಿದ ಗೆರೆಗೆರೆಗೂ ಮಚ್ಚೆ ಎದ್ದಿತು. ಕೂದಲಿದ್ದಾಗ ತಲೆಯಲ್ಲಿ ಒಂದೂ ಇರಲಿಲ್ಲ. ಈಗ ನೆತ್ತಿಯಿಂದ ಹಿಂದಲೆಯವರೆಗೆ ಕೆಂಪು ಪಟ್ಟೆಗಳು, ಅದರ ಮೇಲೆ ಬಿಳಿ ಹೊಟ್ಟು. ಕೊಂಡಮ್ಮ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು.

"ದೇವ್ರಿಗೂ ನನ್ ಕೂದ್ಲು ಬ್ಯಾಡಾಯ್ತು" ಎಂದಳು.

"ದೇವ್ರನ್ನ ಬುಡು, ಕೃಷ್ಣಗಿರಿಗೆ ಹೋಗಾನ ನಡಿ" ಎಂದ ಆವುಲಪ್ಪ.

ಡೆಂಕಣಿಕೋಟೆಗೊಂದು ಬಸ್ಸು, ಅಲ್ಲಿಂದ ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದ ಮುಂದೆ ಬೆಂಚು ಸಿಗದೆ ನೆಲದ ಮೇಲೆ ಕೂತರು. ಡಾಕ್ಟರ್ ಶರ್ಮಿಳಾ ಹೊಸೂರಿನಲ್ಲಿ ಬೆಳೆದವರು, ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಅವರ ಕಣ್ಣಲ್ಲೂ ನಿದ್ದೆ ಕಾಣದ ಆಯಾಸವಿತ್ತು. ಆದರೂ ಅವರು ಮೊದಲು ಮಾಡಿದ ಕೆಲಸವೆಂದರೆ ಕೊಂಡಮ್ಮನ ಮೊಣಕೈ ಮೇಲೆ ಬರಿಗೈ ಇಟ್ಟಿದ್ದು. ಐದು ವರ್ಷದಲ್ಲಿ ಗಂಡನನ್ನು ಬಿಟ್ಟು ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.

"ಇದು ಸೋರಿಯಾಸಿಸ್ ಅಮ್ಮಾ. ಒಟ್ಟುವಾರೊಟ್ಟಿ ಇಲ್ಲ, ಅಂಟುರೋಗ ಅಲ್ಲ. ಮುಟ್ಟಿದ್ರೆ, ಒಟ್ಟಿಗೆ ಉಂಡ್ರೆ, ಒಂದೇ ಚಾಪೆಲಿ ಮಲಗಿದ್ರೆ ಅಂಟಲ್ಲ. ಯಾಕಂದ್ರೆ ಇದು ಹೊರಗಿಂದ ಬಂದ ಕ್ರಿಮಿ ಅಲ್ಲ. ನಿಮ್ಮ ಮೈಯ ಕಾವಲಿನವರೇ ಮಾಡ್ತಿರೋ ಗಲಾಟೆ."

"ಕಾವಲಿನೋರಾ?" ಎಂದ ಆವುಲಪ್ಪ.

"ರಕ್ತದಲ್ಲಿ ಬಿಳಿ ಕಣಗಳು ಇರ್ತವೆ. ಗಾಯ ಆದ್ರೆ, ಕ್ರಿಮಿ ಹೊಕ್ಕರೆ ಒಂದು ಕಣ ಇನ್ನೊಂದನ್ನ ಕೂಗುತ್ತೆ, ಎಲ್ಲಾ ಓಡಿ ಬರ್ತವೆ. ಆ ಜಾಗ ಕೆಂಪಾಗೋದು, ಊದೋದು ಅದಕ್ಕೇ. ಕೆಲಸ ಮುಗೀತು, ಸಾಕು ನಡೀರಿ ಅಂತ ಹೇಳೋ ಕಣಗಳೂ ಬೇರೆ ಇದಾವೆ. ನಿಮ್ಮ ಮೈಲಿ ಕೂಗೋರ ದನಿ ಜೋರು, ಸಾಕು ಅನ್ನೋರ ಮಾತು ನಡೆಯಲ್ಲ. ಏನೂ ಇಲ್ಲದಿದ್ರೂ ಕೂಗ್ತಾನೇ ಇರ್ತವೆ. ಆ ಕೂಗು ಕೇಳಿ ಚರ್ಮವೂ ಗಾಬರಿ ಬೀಳುತ್ತೆ. ತಿಂಗಳಿಗೆ ಬೆಳೆದು ಬರಬೇಕಾದ ಹೊಸ ಚರ್ಮ ಕೆಲವೇ ದಿನಕ್ಕೆ ಮೇಲೆ ಬಂದು ರಾಶಿ ಬೀಳುತ್ತೆ. ನೀವು ಗುಡಿಸ್ತೀರಲ್ಲ, ಅದೇ ಹೊಟ್ಟು."

ಆವುಲಪ್ಪ ಮುಂದಕ್ಕೆ ಬಾಗಿದ. "ನಮ್ಮೂರ ಮುತ್ತರಾಯಪ್ಪನ ಕಥೆ ಆಯ್ತು ಕಣಮ್ಮ. ಆನೆ ಕಾವಲಿಗೆ ಅಂತ ಅಟ್ಟಣೆ ಹತ್ತಿದ್ದ. ಪೊದೆ ನೋಡಿ ಆನೆ ಆನೆ ಅಂತ ಕೂಗ್ಬುಟ್ಟ. ಊರೋರೆಲ್ಲ ಪಂಜು ಹಿಡ್ಕಂಡು ನುಗ್ಗಿ ನಮ್ ರಾಗೀನ ನಾವೇ ತುಳಿದಾಕ್ಬುಟ್ವಿ. ಆನೆ ಬಂದಿದ್ರೂ ಅಷ್ಟು ಹಾಳಾಗ್ತಿರ್ಲಿಲ್ಲ."

ಡಾಕ್ಟರು ಆ ದಿನ ಮೊದಲ ಸಲ ನಕ್ಕರು. "ಅದೇ ಅಪ್ಪಾ. ಇದಕ್ಕಿಂತ ಚೆನ್ನಾಗಿ ನಾನು ಹೇಳೋಕಾಗಲ್ಲ."

ಕೊಂಡಮ್ಮ ಸೆರಗು ಸರಿಸಿ ತಲೆ ತೋರಿಸಿದಳು. "ಮತ್ತೆ ಮುಡಿ ಕೊಟ್ಟ ಮ್ಯಾಕೆ ಇಲ್ಲಿಗ್ಯಾಕೆ ಬಂತು? ದೇವ್ರಿಗೂ ಬ್ಯಾಡಾಯ್ತಾ?"

"ಕತ್ತಿ ತರಚಿತಲ್ಲ. ಬೇರೆಯವರಿಗೆ ತರಚು ಗಾಯ ಅಂದ್ರೆ ಸಣ್ಣ ಕೂಗು. ನಿಮ್ಮ ಮೈಲಿ ಅದೇ ದೊಡ್ಡ ಕೂಗು. ಎಲ್ಲಿ ಗೀರು ಬೀಳುತ್ತೋ ಅಲ್ಲಿ ಎದ್ದೇಳುತ್ತೆ. ದೇವರು ಒಲ್ಲೆ ಅಂದಿದ್ದಲ್ಲಮ್ಮಾ, ಕತ್ತಿ ಎಳೆದಿದ್ದು."

ವಾರಕ್ಕೆ ಒಂದೇ ದಿನ ತಿನ್ನುವ ಮಾತ್ರೆ, ದಿನಾ ತಿಂದರೆ ವಿಷ ಎಂಬ ಎಚ್ಚರಿಕೆ, ಆಗಾಗ ರಕ್ತ ಪರೀಕ್ಷೆ, ಮುಲಾಮು. ಪೂರ್ತಿ ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ಸುಳ್ಳು ಹೇಳಲಿಲ್ಲ. ತಗ್ಗುತ್ತದೆ, ಆದರೆ ಮಚ್ಚೆ ಮಾಯವಾದ ಮೇಲೂ ಕೆಲವು ಕಣಗಳು ಅದೇ ಜಾಗದ ಚರ್ಮದಲ್ಲಿ ಕೂತಿರುತ್ತವೆ, ಅದಕ್ಕೇ ತಿರುಗಾ ಅಲ್ಲಿಯೇ ಬರುವುದು ಎಂದರು.

"ಅಟ್ಟಣೆ ಇಳಿಯಾಕೇ ಇಲ್ಲ ಅನ್ನಿ" ಎಂದ ಆವುಲಪ್ಪ.

"ಮಕ್ಕಳಿದಾರಾ? ಅವರಿಗೇನಾದ್ರೂ ಉಂಟಾ? ಕೆಲವು ಮನೆತನದಲ್ಲಿ ಬರುತ್ತೆ."

"ಒಬ್ಳೇ ಮಗಳು. ಮದ್ವೆಗೆ ಮುಂಚೆ ತಲೇಲಿ ಹೊಟ್ಟು ಜಾಸ್ತಿ, ಅಷ್ಟೇಯ. ಈಗ ಬಸುರಿ, ಮೈ ಕನ್ನಡಿ ಇದ್ದಂಗೈತೆ" ಎಂದಳು ಕೊಂಡಮ್ಮ.

"ಬಸುರಿಲಿ ಎಷ್ಟೋ ಜನಕ್ಕೆ ತಾನಾಗೇ ತಗ್ಗುತ್ತೆ. ಕೂಸನ್ನ ಕಾಪಾಡೋಕೆ ಮೈ ತನ್ನ ಕಾವಲಿನವರನ್ನ ಸುಮ್ಮನಿರಿಸುತ್ತೆ. ಹೆರಿಗೆ ಆದಮೇಲೆ ಒಂದ್ಸಲ ಕರ್ಕೊಂಡು ಬನ್ನಿ" ಎಂದು ಡಾಕ್ಟರು ಮುಂದಿನವರನ್ನು ಕರೆದರು. ಕೊಂಡಮ್ಮನಿಗೆ ಆ ಮಾತು ತಲೆಯಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಟ್ಟುವಾರೊಟ್ಟಿ ಇಲ್ಲ, ಅಂಟಲ್ಲ ಎಂಬುದನ್ನೇ ಎರಡೂ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಬೀಗಿತ್ತಿಗೆ ಹೇಳಬೇಕಿತ್ತು.

ಹೇಳಿದಳು. ಫೋನಿನಲ್ಲಿ ನಾರಾಯಣಮ್ಮ ಪೂರ್ತಿ ಕೇಳಿಸಿಕೊಂಡು, "ಡಾಕ್ಟ್ರು ಹೇಳಾದು ಹೇಳ್ತಾರೆ ಅಕ್ಕ, ಪೂರ್ತಿ ಹೋಗ್ಲಿ ನೋಡಾನ" ಎಂದರು. ಮಾತ್ರೆಗೆ ಕೈ ತಿಳಿಯಾಯಿತು, ತಲೆಯ ಪಟ್ಟೆಗಳು ಮಾಸಿ ಸಣ್ಣಗೆ ಕೂದಲು ಮೊಳೆಯಿತು. ಕಾಲಿನ ಮಚ್ಚೆಗಳು ಮಾತ್ರ ತೆಳುವಾದವೇ ಹೊರತು ಹೋಗಲಿಲ್ಲ. ಅಷ್ಟರಲ್ಲಿ ರಾಧಾಮಣಿಗೆ ಹೊಸೂರಿನಲ್ಲಿ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು.

ನಾಮಕರಣಕ್ಕೆ ಹೋದಾಗ ಕೊಂಡಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಕೂಸನ್ನು ಎರಡು ಮಾರು ದೂರದಿಂದ ತೋರಿಸಿದರು. ನೀರು ಹಾಕಲು ಯಾರನ್ನೋ ಗೊತ್ತು ಮಾಡಿದ್ದರು. ಕೂಸಿನ ತಲೆ ಒಂದು ಕಡೆ ಚಪ್ಪಟೆಯಾಗಿತ್ತು. ಒತ್ತಿಲ್ಲ, ಬರೀ ನೀರು ಹುಯ್ದು ಎತ್ತುತ್ತಾಳೆ ಎಂದು ಕೊಂಡಮ್ಮನಿಗೆ ನೋಡಿದ ಕೂಡಲೆ ತಿಳಿಯಿತು. ಮೊಮ್ಮಗಳನ್ನು ಮುಟ್ಟದೆ ಊರಿಗೆ ಬಂದು, ಹರಿದಿಟ್ಟ ಪಂಚೆಗಳನ್ನು ಪೆಟ್ಟಿಗೆಗೆ ತುಂಬಿದಳು. ಆ ದಿನ ಅವಳಿಗೆ ಬದುಕೇ ಸಾಕೆನಿಸಿತು.

ತಿಂಗಳು ಕಳೆದ ಮೇಲೆ ರಾಧಾಮಣಿಯೇ ಫೋನ್ ಮಾಡಿದಳು. "ಅಮ್ಮ, ನೀನೇ ಬಾ. ನಂಗೆ ನೀನೇ ನೀರಾಕು."

"ನಿಮ್ಮತ್ತೆ?"

"ಒಪ್ಕಂಡವ್ರೆ. ನಂಗೆ ಮಾತ್ರ. ಕೂಸಿಗಲ್ಲ."

ಅಷ್ಟೇ ಆಗಲಿ. ಕೊಂಡಮ್ಮ ಎಣ್ಣೆಯ ಬಾಟಲಿ ಹಿಡಿದು ಮೊದಲ ಬಸ್ಸಿಗೇ ಹೊರಟಳು. ಕೊನೆಗೂ ಮಗಳಿಗೆ ತಾಯಿಯ ಕೈ ನೆನಪಾಯಿತಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿದಳು.

ಹೊಸೂರಿನ ಮನೆಯ ಬಚ್ಚಲಲ್ಲಿ ರಾಧಾಮಣಿ ಮಣೆಯ ಮೇಲೆ ಕೂತು, "ಬಾಗ್ಲಾಕಮ್ಮ" ಎಂದಳು. ಚಿಲಕ ಬಿದ್ದ ಮೇಲೆ ಜಡೆ ಬಿಚ್ಚಿ ಕೂದಲನ್ನು ಮುಂದಕ್ಕೆ ಸರಿಸಿದಳು. ಕಿವಿಯ ಹಿಂದೆ, ಹಿಂದಲೆಯ ಅಂಚಿನುದ್ದಕ್ಕೂ ಕೆಂಪು, ಅದರ ಮೇಲೆ ಬಿಳಿ ಹೊಟ್ಟು. ಆಮೇಲೆ ಸೀರೆ ಸಡಿಲಿಸಿ ಕಿಬ್ಬೊಟ್ಟೆ ತೋರಿಸಿದಳು. ಆಪರೇಷನ್ ಆದ ಗೆರೆಯುದ್ದಕ್ಕೂ, ಕೊಂಡಮ್ಮನ ತಲೆಯಲ್ಲಿ ಕತ್ತಿಯ ಗೆರೆಗೆ ಎದ್ದ ಹಾಗೆಯೇ, ಮಚ್ಚೆ ಎದ್ದಿತ್ತು.

ಕೊಂಡಮ್ಮ ಚೊಂಬನ್ನು ಕೆಳಗಿಟ್ಟಳು. "ಯಾವಾಗಿಂದ ಕಣೆ ರಾಧಿ?"

"ಕಾಲೇಜಿಗೆ ಹೋಗೋವಾಗ್ಲಿಂದ. ಹೊಟ್ಟು ಹೊಟ್ಟು ಅಂತ ಬೈತಿದ್ದೆಲ್ಲ, ಅದೇಯ. ಬಸುರೀಲಿ ಎಲ್ಲಾ ಹೋಯ್ತು, ಕಳೀತು ಅನ್ಕಂಡಿದ್ದೆ. ಹೋದ ವಾರದಿಂದ ತಿರುಗಾ ಸುರುವಾಗೈತೆ. ಆ ನೀರಾಕೋಳು ನೋಡಿದ್ರೆ ಅತ್ತೆಗೆ ಹೇಳ್ತಾಳೆ ಅಂತ ತಲೆನೋವು ಅಂದು ತಪ್ಪಿಸ್ಕಂಡಿದ್ದೀನಿ." ಅವಳು ಗೋಡೆಯ ಕಡೆ ತಿರುಗಿದಳು. "ಸೀಮಂತದ ದಿನ ನಿನ್ ಪರ ಮಾತಾಡಿದ್ರೆ ನನ್ ಮೈನೂ ನೋಡ್ತಾರೆ ಅಂತ ಭಯ ಆಯ್ತಮ್ಮ."

ಕೋಪ ಬರಬೇಕಿತ್ತು, ಬರಲಿಲ್ಲ. ಕೋಪಕ್ಕೂ ತ್ರಾಣ ಬೇಕು. ತಾಯಿಯ ಕೈ ನೆನಪಾಗಿ ಕರೆದದ್ದಲ್ಲ, ತಾಯಿಯ ಬಾಯಿ ಆಡುವುದಿಲ್ಲ ಎಂದು ಕರೆದದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಮಗಳ ತಲೆಯನ್ನು ತಾನು ಸರಿಯಾಗಿ ನೋಡಲಿಲ್ಲ, ಊರ ಮಕ್ಕಳ ತಲೆ ದುಂಡಗೆ ಮಾಡುತ್ತ ತಿರುಗಿದೆ ಎಂದು ಮಾತ್ರ ಅವಳಿಗೆ ಸಂಕಟವಾಯಿತು. ಬಿಸಿನೀರಿಗೆ ತಣ್ಣೀರು ಬೆರೆಸಿ ಉಗುರು ತಾಗದ ಹಾಗೆ ಮಗಳ ತಲೆ ತೊಳೆದಳು.

"ಕೆರೀಬ್ಯಾಡ. ಹಾಲು ಕುಡಿಸ್ತಿದ್ದೀಯ, ನನ್ ಮಾತ್ರೆ ಮುಟ್ಟಬ್ಯಾಡ, ಆ ಡಾಕ್ಟ್ರಮ್ಮನ ಹತ್ರ ಹೋಗಾನ. ಅಲ್ಲೀಗಂಟ ನಾನ್ ಯಾರಿಗೂ ಹೇಳಾಕಿಲ್ಲ. ಬಿಳೀ ಬಟ್ಟೆ ಹಾಕ್ಕೋ, ಉದುರಿದ್ದು ಕಾಣಾಕಿಲ್ಲ. ಎಲ್ಲಾರಿಗಿಂತ ಮುಂಚೆ ಎದ್ದು ದಿಂಬು ಕೊಡವ್ಬುಡು. ಯಾರ್ ಪಕ್ಕಾನೂ..."

"ಸಾಕು ಬುಡಮ್ಮ" ಎಂದಳು ರಾಧಾಮಣಿ. "ನಿನ್ನಂಗೆ ಬದ್ಕಾಕೆ ನನ್ ಕೈಲಾಗಲ್ಲ."

ಒದ್ದೆ ಕೂದಲನ್ನು ಹಾಗೆಯೇ ಮೇಲಕ್ಕೆ ಎತ್ತಿ ಕಟ್ಟಿ, ಸೀರೆ ಸುತ್ತಿಕೊಂಡು ಚಿಲಕ ತೆಗೆದಳು. ಹೊರಗೆ ನಾರಾಯಣಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ರಾಧಾಮಣಿ ಬೆನ್ನು ತಿರುಗಿಸಿ ಹಿಂದಲೆ ತೋರಿಸಿದಳು.

"ನೋಡಿ ಅತ್ತೆ. ಅಮ್ಮನಿಗಿರೋದೇ ನಂಗೂ ಐತೆ. ಮದ್ವೆಗೆ ಮುಂಚಿಂದ. ಇಷ್ಟು ವರ್ಷ ನಿಮಗೆ ಮುದ್ದೆ ಕಟ್ಟಿದ್ದು, ನಿಮ್ ತಲೆಗೆ ಎಣ್ಣೆ ಒತ್ತಿದ್ದು ನಾನೇ. ಯಾರಿಗೆ ಅಂಟ್ತು ಹೇಳಿ."

ನಾರಾಯಣಮ್ಮ ಸೊಸೆಯ ಹಿಂದಲೆ ನೋಡಿದರು, ಬಚ್ಚಲ ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿಯ ಕಾಲು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಹೇಳದೆ ಮುಚ್ಚಿಟ್ಟರಲ್ಲ ಎಂದು ರೇಗಬಹುದಿತ್ತು, ಬಾಯಿ ತೆರೆದರು ಕೂಡ. ಕೂಸು ಹೆಗಲ ಮೇಲೆ ಮಿಸುಕಿತು. ಅವರು ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕೂತುಬಿಟ್ಟರು. ಸಣ್ಣ ದನಿಯಲ್ಲಿ ಕೇಳಿದರು.

"ಇದುಕ್ಕೂ ಬತ್ತದಾ ಅಕ್ಕ?"

ಕೊಂಡಮ್ಮನಿಗೆ ಇಲ್ಲ ಎನ್ನುವ ಆಸೆಯಾಯಿತು. ಸುಳ್ಳು ಹೇಳದ ಆ ಡಾಕ್ಟರಮ್ಮನ ಮುಖ ನೆನಪಾಯಿತು.

"ಬರಬೌದು, ಬರದೇನೂ ಇರಬೌದು. ಬಂದ್ರೆ ಮುಚ್ಚಿಡಾದು ಬ್ಯಾಡ, ಬಿಟ್ಟು ಕೂರಾದೂ ಬ್ಯಾಡ. ಇದುರ್ ಮುಡಿ ಹರಸ್ಕಂಡಿದ್ದೀರಾ?"

ನಾರಾಯಣಮ್ಮ ಹೌದೆಂದು ತಲೆಯಾಡಿಸಿದರು.

"ಮುಡಿ ಕೊಡಿ, ದೇವ್ರು ಬ್ಯಾಡ ಅನ್ನಾಕಿಲ್ಲ. ಕತ್ರೀಲಿ ತೆಗೆಸಿ. ಕತ್ತಿ ಮುಟ್ಟಿಸ್ಬ್ಯಾಡಿ."

ಅಷ್ಟು ಹೇಳುವುದರಲ್ಲಿ ಅವಳಿಗೆ ಸಾಕಾಗಿತ್ತು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಲು ಬಗ್ಗಿದಳು. ನಾರಾಯಣಮ್ಮ ಗೋಡೆ ಹಿಡಿದು ಎದ್ದರು. ಕೂಸಿನ ಕುಲಾವಿ ಬಿಚ್ಚಿದರು, ಅಂಗಿ ಬಿಚ್ಚಿದರು, ಬಚ್ಚಲಿನ ಒಳಗೆ ಬಂದು ನಿಂತರು.

"ತಲೆ ಒಂದ್ಕಡೆ ಚಪ್ಪಟೆ ಆಗ್ಬುಟ್ಟೈತೆ ಅಕ್ಕ" ಎಂದರು. "ನೀವೇ ನೋಡಿ."

ಕೊಂಡಮ್ಮ ಮಣೆಯ ಮೇಲೆ ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಮಚ್ಚೆಗಳಿದ್ದ ಎರಡು ಕಾಲನ್ನೂ ಜೋಡಿಸಿ ಮುಂದಕ್ಕೆ ಚಾಚಿದಳು.